ಹಸುಗೂಸಿನ ಹೊಟ್ಟೆಗೆ ಬ್ಯಾಕ್ಟೀರಿಯಾ: ಒಡಿಶಾದಲ್ಲಿ ರಕ್ಷಣೆ, ಅಮೆರಿಕದಲ್ಲಿ ಎಚ್ಚರಿಕೆ

ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ.

ಮೊದಲನೆಯದು 2017ರದ್ದು. ಒಡಿಶಾದ ಹಳ್ಳಿಗಳಲ್ಲಿ ಆಗಷ್ಟೇ ಹುಟ್ಟಿದ ಮಕ್ಕಳಿಗೆ ಏಳು ದಿನ ಒಂದು ಬ್ಯಾಕ್ಟೀರಿಯಾ ಕುಡಿಸಿದರು. ಆ ಮಕ್ಕಳಲ್ಲಿ ನಂಜು (ಮೈಗೆಲ್ಲ ಹರಡುವ ಸೋಂಕು, ಸೆಪ್ಸಿಸ್) ಮತ್ತು ಸಾವು ಶೇಕಡ 40ರಷ್ಟು ಕಡಿಮೆಯಾಯಿತು. ಎರಡನೆಯದು 2023ರದ್ದು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಇಂಥ ಬ್ಯಾಕ್ಟೀರಿಯಾ ಕೊಟ್ಟರೆ ಜೀವಕ್ಕೇ ಅಪಾಯವಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತು.

ಇತ್ತ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಮಕ್ಕಳ ಪ್ರೊಬಯಾಟಿಕ್ (ಒಳ್ಳೆಯದಾಗಲೆಂದು ಕುಡಿಸುವ ಜೀವಂತ ಬ್ಯಾಕ್ಟೀರಿಯಾ) ಡ್ರಾಪ್ಸ್, ಪುಡಿಯ ಸ್ಯಾಶೆಗಳು ಸಲೀಸಾಗಿ ಸಿಗುತ್ತವೆ. ಮಗುವಿಗೆ ಭೇದಿಯಾದರೆ ಒಂದು, ಹೊಟ್ಟೆ ಉಬ್ಬರಿಸಿದರೆ ಒಂದು. ಹಾಗಾದರೆ ಒಡಿಶಾವನ್ನು ನಂಬಬೇಕೋ, ಎಫ್‌ಡಿಎಯನ್ನು ನಂಬಬೇಕೋ?

ಎರಡನ್ನೂ ನಂಬಬೇಕಾಗುತ್ತದೆ, ಏಕೆಂದರೆ ಎರಡೂ ನಿಜ. ಗೊಂದಲ ಇರುವುದು ‘ಒಳ್ಳೆ ಬ್ಯಾಕ್ಟೀರಿಯಾ’ ಅನ್ನುವ ಮಾತಿನಲ್ಲೇ. ಒಳ್ಳೆಯತನ ಬ್ಯಾಕ್ಟೀರಿಯಾಕ್ಕೆ ಹುಟ್ಟಿನಿಂದ ಅಂಟಿಕೊಂಡು ಬಂದ ಗುಣವಲ್ಲ. ಅದು ಯಾರ ಮೈಯಲ್ಲಿದೆ, ಮೈಯ ಯಾವ ಜಾಗದಲ್ಲಿದೆ, ಅಲ್ಲಿ ಅದಕ್ಕೆ ತಿನ್ನಲು ಏನು ಸಿಗುತ್ತದೆ ಎಂಬುದರ ಮೇಲೆ ಅದರ ನಡತೆ ನಿಂತಿದೆ.

ನಮ್ಮೊಳಗಿನ ಬಾಡಿಗೆದಾರರು

ಸುಮಾರು 70 ಕೆ.ಜಿ. ತೂಕದ ಒಬ್ಬ ಮನುಷ್ಯನ ಮೈಯಲ್ಲಿ 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅವನ ಸ್ವಂತ ಜೀವಕೋಶಗಳು 30 ಲಕ್ಷ ಕೋಟಿ. ನಮ್ಮ ಒಂದು ಕೋಶಕ್ಕೆ ಹತ್ತು ಬ್ಯಾಕ್ಟೀರಿಯಾ ಎಂಬ ಹಳೆಯ ಮಾತು ತಪ್ಪು ಎಂದು ಆಗ ಗೊತ್ತಾಯಿತು. ಹೆಚ್ಚುಕಡಿಮೆ ಸಮಸಮ ಅನ್ನಬಹುದು. ಆ ಬ್ಯಾಕ್ಟೀರಿಯಾ ಎಲ್ಲವನ್ನೂ ಒಟ್ಟು ಸೇರಿಸಿ ತೂಗಿದರೆ ಕಾಲು ಕೆ.ಜಿ.ಯೂ ಆಗುವುದಿಲ್ಲ.

ಇವುಗಳಲ್ಲಿ ಬಹುಪಾಲು ವಾಸ ಮಾಡುವುದು ದೊಡ್ಡ ಕರುಳಿನಲ್ಲಿ. ನಾವು ಜೀರ್ಣಿಸಲಾರದ ನಾರನ್ನು ಅವು ತಿನ್ನುತ್ತವೆ. ತಿಂದು ಬಿಟ್ಟುಕೊಡುವ ಆಮ್ಲಗಳು ಕರುಳಿನ ಗೋಡೆಗೆ ಆಹಾರವಾಗುತ್ತವೆ. ಜೊತೆಗೆ, ಇವು ಜಾಗ ಹಿಡಿದು ಕೂತಿರುವಾಗ ರೋಗ ತರುವ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ನೆಲೆಯೂರಲು ಸುಲಭವಾಗಿ ಆಗುವುದಿಲ್ಲ. ಅವುಗಳಿಗೆ ಮನೆ, ಊಟ. ನಮಗೆ ಕೆಲಸ, ಕಾವಲು. ಸಹಜೀವನ ಅಂದರೆ ಇದೇ.

ಆದರೆ ಈ ಒಪ್ಪಂದಕ್ಕೆ ಒಂದು ಗೋಡೆ ಬೇಕು. ಕರುಳಿನ ಒಳಭಾಗ ಒಂದರ್ಥದಲ್ಲಿ ನಮ್ಮ ಮೈಯ ಹೊರಗಿನ ಜಾಗ. ಬಾಯಿಯಿಂದ ಗುದದವರೆಗೆ ಹೋಗುವ ಒಂದು ಕೊಳವೆ ಅಷ್ಟೇ. ಕರುಳಿನ ಗೋಡೆಯ ಆಚೆ ರಕ್ತವಿದೆ. ಬ್ಯಾಕ್ಟೀರಿಯಾ ಗೋಡೆಯ ಈಚೆ ಇರುವವರೆಗೆ ಗೆಳೆಯ. ಅದೇ ಬ್ಯಾಕ್ಟೀರಿಯಾ ಗೋಡೆ ದಾಟಿ ರಕ್ತಕ್ಕೆ ಇಳಿದರೆ ನಂಜು. ಮುಂದೆ ಹೇಳುವ ಎಲ್ಲಕ್ಕೂ ಈ ಒಂದು ವಿಷಯ ನೆನಪಿರಲಿ.

ಎದೆಹಾಲಿನಲ್ಲಿ ಇನ್ನೊಬ್ಬರ ಊಟ

ಮನುಷ್ಯ ಮತ್ತು ಬ್ಯಾಕ್ಟೀರಿಯಾದ ಈ ಸಂಬಂಧ ಎಷ್ಟು ಹಳೆಯದು, ಎಷ್ಟು ಆಳವಾದದ್ದು ಎಂದು ತಿಳಿಯಲು ತಾಯಿಯ ಹಾಲಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಒಂದು ಲೀಟರ್ ಎದೆಹಾಲಿನಲ್ಲಿ ಸುಮಾರು 70 ಗ್ರಾಂ ಲ್ಯಾಕ್ಟೋಸ್ ಸಕ್ಕರೆ, 40 ಗ್ರಾಂ ಕೊಬ್ಬು ಇರುತ್ತವೆ. ಅವುಗಳ ನಂತರ ಜಾಸ್ತಿ ಇರುವ ಘನ ಪದಾರ್ಥ ಆಲಿಗೋಸ್ಯಾಕರೈಡ್ ಎಂಬ ಉದ್ದನೆಯ ಸಕ್ಕರೆಗಳು. ಲೀಟರಿಗೆ 5ರಿಂದ 15 ಗ್ರಾಂ. ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನಲ್ಲಿ ಇನ್ನೂ ಜಾಸ್ತಿ. ಇವುಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಿದ್ದಾರೆ.

ವಿಚಿತ್ರ ಏನೆಂದರೆ, ಇವುಗಳನ್ನು ಮಗು ಜೀರ್ಣಿಸಲಾರದು. ಆ ಸಕ್ಕರೆ ಸರಪಳಿಯನ್ನು ಕತ್ತರಿಸುವ ಕಿಣ್ವ ಮಗುವಿನ ಹೊಟ್ಟೆಯಲ್ಲಿ ಇಲ್ಲ. ಬಾಳಂತಿಯ ಮೈ ಅಷ್ಟೊಂದು ಶಕ್ತಿ ವ್ಯಯಿಸಿ ಮಗುವಿಗೆ ದಕ್ಕದ ಪದಾರ್ಥವನ್ನು ಸುಮ್ನೆ ತಯಾರಿಸುವುದಿಲ್ಲ ಅಲ್ವಾ? ಅದು ಮಗುವಿನ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಇಟ್ಟ ಊಟ.

ಆ ಊಟಕ್ಕೆ ಕೂರುವ ಮುಖ್ಯ ಅತಿಥಿ ಬಿಫಿಡೊಬ್ಯಾಕ್ಟೀರಿಯಂ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಹೆನ್ರಿ ಟಿಸಿಯೆ 1899ರಲ್ಲಿ ಎದೆಹಾಲು ಕುಡಿಯುವ ಮಗುವಿನ ಮಲದಲ್ಲಿ ಇದನ್ನು ಮೊದಲು ಕಂಡರು. ಕವಲೊಡೆದ ಕಡ್ಡಿಯ ಹಾಗೆ ಕಾಣುವುದರಿಂದ ಆ ಹೆಸರು. ಇದರಲ್ಲೂ ಇನ್‌ಫ್ಯಾಂಟಿಸ್ ಎಂಬ ಉಪಜಾತಿ ಎದೆಹಾಲಿನ ಸಕ್ಕರೆಗಳನ್ನು ಇಡಿಯಾಗಿ ಒಳಗೆಳೆದುಕೊಂಡು ತಿನ್ನುತ್ತದೆ. ತಿಂದ ಮೇಲೆ ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲಗಳನ್ನು ಬಿಡುತ್ತದೆ. ಕರುಳು ಹುಳಿಯಾಗುತ್ತದೆ. ಹುಳಿಯಾದ ಕರುಳಿನಲ್ಲಿ ಕ್ಲೆಬ್ಸಿಯೆಲ್ಲಾದಂತಹ ರೋಗ ತರುವ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯಲಾರದು.

ಮಕ್ಕಳನ್ನು ಸಾಕಿದ ಅಜ್ಜಿಯರಿಗೆ ಇದರ ಗುರುತು ಗೊತ್ತು. ಬರೀ ಎದೆಹಾಲು ಕುಡಿಯುವ ಕೂಸಿನ ಮಲ ಹಳದಿಯಾಗಿ, ನೀರುನೀರಾಗಿ ಇರುತ್ತದೆ. ಕೆಟ್ಟ ನಾತ ಇರುವುದಿಲ್ಲ. ಮೊಸರಿನಂಥ ಒಂದು ಹುಳಿ ವಾಸನೆ ಇರುತ್ತದೆ. ಅನ್ನ, ರಾಗಿ ಸರಿ ಶುರುವಾದ ಮೇಲೆ ಬಣ್ಣ, ವಾಸನೆ ಎರಡೂ ಬದಲಾಗುತ್ತವೆ. ಆ ಹುಳಿ ವಾಸನೆಯ ಹಿಂದೆ ಇರುವುದು ಈ ಬ್ಯಾಕ್ಟೀರಿಯಾ ಬಿಟ್ಟ ಆಮ್ಲ. ಅಮೆರಿಕದಂಥ ದೇಶಗಳಲ್ಲಿ ಎಷ್ಟೋ ಶಿಶುಗಳ ಕರುಳಿನಲ್ಲಿ ಇನ್‌ಫ್ಯಾಂಟಿಸ್ ಈಗ ಸಿಗುವುದೇ ಅಪರೂಪ. ಊಟ ಬಡಿಸಿದೆ, ಉಣ್ಣುವವರಿಲ್ಲ.

ಮೊದಲು ಬಂದವರು ಯಾರು?

ಹುಟ್ಟುವ ಗಳಿಗೆಯಲ್ಲಿ ಮಗುವಿನ ಕರುಳು ಖಾಲಿ ಸೈಟಿನ ಹಾಗೆ. ಮೊದಲು ಬಂದವರು ಬೇಲಿ ಹಾಕುತ್ತಾರೆ. ಸಹಜ ಹೆರಿಗೆಯಲ್ಲಿ ಮೊದಲು ಬರುವವು ತಾಯಿಯ ಕರುಳಿನಿಂದ, ಮೈಯಿಂದ. ಸಿಸೇರಿಯನ್ ಆದರೆ ಈ ದಾರಿ ತಪ್ಪುತ್ತದೆ. ಬ್ರಿಟನ್ನಿನ ಸುಮಾರು 600 ಮಕ್ಕಳ ಮೇಲಿನ ಅಧ್ಯಯನ 2019ರಲ್ಲಿ ಇದನ್ನು ತೋರಿಸಿತು: ಸಿಸೇರಿಯನ್‌ನಿಂದ ಹುಟ್ಟಿದವರ ಕರುಳಿನಲ್ಲಿ ತಾಯಿಯ ಬ್ಯಾಕ್ಟೀರಿಯಾ ಕಡಿಮೆ, ಆಸ್ಪತ್ರೆಯಲ್ಲಿ ಓಡಾಡುವ ಬ್ಯಾಕ್ಟೀರಿಯಾ ಜಾಸ್ತಿ. ತಿಂಗಳುಗಳು ಕಳೆದಂತೆ ಈ ವ್ಯತ್ಯಾಸ ಬಹಳಷ್ಟು ಕರಗುತ್ತದೆ ಎಂದೂ ಅದೇ ಅಧ್ಯಯನ ಹೇಳಿತು. ಹಾಗಾಗಿ ಸಿಸೇರಿಯನ್ ಆದ ತಾಯಂದಿರು ಹೆದರಬೇಕಾಗಿಲ್ಲ. ಬೇಕಾದ ಹೊತ್ತಿನಲ್ಲಿ ಮಾಡಿದ ಸಿಸೇರಿಯನ್ ಎರಡು ಜೀವ ಉಳಿಸುತ್ತದೆ.

ಆದರೂ ಲೆಕ್ಕ ನೋಡಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ ಶೇಕಡ 21.5ರಷ್ಟು ಹೆರಿಗೆಗಳು ಸಿಸೇರಿಯನ್. ಕರ್ನಾಟಕದಲ್ಲಿ ಶೇಕಡ 31.5. ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ಶೇಕಡ 42 ಮಾತ್ರ. ಕೆಲವು ಮನೆಗಳಲ್ಲಿ ಮೊದಲು ನಾಲಿಗೆಗೆ ಮುಟ್ಟಿಸುವುದು ಜೇನುತುಪ್ಪ, ಇಲ್ಲವೇ ಸಕ್ಕರೆ ನೀರು. ಜೇನಂತೂ ಒಂದು ವರ್ಷದೊಳಗಿನ ಮಗುವಿಗೆ ಖಂಡಿತ ಬೇಡ. ಅದರಲ್ಲಿ ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ಬಾಟ್ಯುಲಿಸಂ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ, ಕೂಸಿನ ಖಾಲಿ ಕರುಳಿನಲ್ಲಿ ಮೊಳೆಯಬಲ್ಲವು.

ನಿಜವಾದ ಕಷ್ಟ ದಿನ ತುಂಬದ ಮಕ್ಕಳದ್ದು. 2020ರಲ್ಲಿ ಭಾರತದಲ್ಲಿ ಇಂಥ ಸುಮಾರು 30 ಲಕ್ಷ ಮಕ್ಕಳು ಹುಟ್ಟಿದರು. ಜಗತ್ತಿನಲ್ಲೇ ಅತಿ ಹೆಚ್ಚು. ಇವರಲ್ಲಿ ತೀರಾ ಚಿಕ್ಕವರು ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು ಸೇರುತ್ತಾರೆ. ಅಮ್ಮ ಹೊರಗೆ, ಮಗು ಒಳಗೆ. ಮೂಗಿನಲ್ಲಿ ಕೊಳವೆ, ಕೈಯಲ್ಲಿ ಸೂಜಿ, ಮೊದಲ ದಿನದಿಂದಲೇ ಆಂಟಿಬಯಾಟಿಕ್. ಅಲ್ಲಿ ಮೊದಲು ಬೇಲಿ ಹಾಕುವವರು ಯಾರು? ದಿಲ್ಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದ ಅಧ್ಯಯನದಲ್ಲಿ ಎನ್‌ಐಸಿಯು ಸೇರಿದ ನೂರು ಮಕ್ಕಳಲ್ಲಿ 14 ಮಕ್ಕಳಿಗೆ ನಂಜಾಗಿತ್ತು. ರಕ್ತದಲ್ಲಿ ಹೆಚ್ಚಾಗಿ ಸಿಕ್ಕವು ಅಸಿನೆಟೊಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾ. ಎರಡೂ ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದವು.

ಔಷಧವೇ ಕೆಲಸ ಮಾಡದ ಸೋಂಕು ಬಂದ ಮೇಲೆ ಹೋರಾಡುವುದಕ್ಕಿಂತ, ಮೊದಲೇ ಒಳ್ಳೆಯ ಬಾಡಿಗೆದಾರರನ್ನು ಕೂರಿಸಿಬಿಟ್ಟರೆ ಹೇಗೆ? ಶಿಶುಗಳಿಗೆ ಪ್ರೊಬಯಾಟಿಕ್ ಕೊಡುವುದರ ಹಿಂದಿರುವ ಆಲೋಚನೆ ಇದೇ.

ಒಡಿಶಾದಲ್ಲಿ ನಡೆದದ್ದು

ಡಾ. ಪಿನಾಕಿ ಪಾಣಿಗ್ರಾಹಿ ಅವರ ತಂಡ ಒಡಿಶಾದ 149 ಹಳ್ಳಿಗಳಲ್ಲಿ 4,556 ಶಿಶುಗಳ ಮೇಲೆ ಈ ಪ್ರಯೋಗ ನಡೆಸಿತು. ಅರ್ಧದಷ್ಟು ಮಕ್ಕಳಿಗೆ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಂ ಎಂಬ ಬ್ಯಾಕ್ಟೀರಿಯಾದ ಒಂದು ನಿರ್ದಿಷ್ಟ ತಳಿ. ಜೊತೆಗೆ ಅದಕ್ಕೆ ಬುತ್ತಿಯಾಗಿ ಫ್ರುಕ್ಟೊ-ಆಲಿಗೋಸ್ಯಾಕರೈಡ್ ಎಂಬ ಸಕ್ಕರೆ. ಉಳಿದವರಿಗೆ ಬ್ಯಾಕ್ಟೀರಿಯಾ ಇಲ್ಲದ ಪುಡಿ. ಬ್ಯಾಕ್ಟೀರಿಯಾ ಸಿಗದ ಗುಂಪಿನಲ್ಲಿ ನೂರಕ್ಕೆ 9 ಮಕ್ಕಳಿಗೆ ನಂಜು ಅಥವಾ ಸಾವು. ಸಿಕ್ಕ ಗುಂಪಿನಲ್ಲಿ 5.4. ಫಲಿತಾಂಶ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಒಂದು ಮಗುವಿಗೆ ತಗಲುವ ವೆಚ್ಚ ಸುಮಾರು ಒಂದು ಡಾಲರ್.

ಈ ಸುದ್ದಿ ಓದಿದವರು ಸಾಮಾನ್ಯವಾಗಿ ಮರೆಯುವ ವಿಷಯಗಳಿವೆ. ಅವರು ಆರಿಸಿಕೊಂಡದ್ದು ಗರ್ಭದಲ್ಲಿ 35 ವಾರವಾದರೂ ಕಳೆದು ಹುಟ್ಟಿದ, ಎರಡು ಕೆ.ಜಿ.ಗಿಂತ ಕಡಿಮೆಯಿಲ್ಲದ, ಎದೆಹಾಲು ಕುಡಿಯುತ್ತಿದ್ದ ಆರೋಗ್ಯವಂತ ಮಕ್ಕಳನ್ನು. ಅಂದರೆ ಕರುಳಿನ ಗೋಡೆ ಗಟ್ಟಿಯಾಗಿದ್ದವರನ್ನು. ಬ್ಯಾಕ್ಟೀರಿಯಾವನ್ನೂ ಕಣ್ಣು ಮುಚ್ಚಿ ಆರಿಸಿರಲಿಲ್ಲ. ಹಲವು ತಳಿಗಳನ್ನು ಪರೀಕ್ಷಿಸಿ, ಕರುಳಿನಲ್ಲಿ ಅಂಟಿಕೊಂಡು ನಿಲ್ಲಬಲ್ಲ ಒಂದನ್ನು ಹುಡುಕಿದ್ದರು. ಅದು ಉಳಿಯಲು ಬೇಕಾದ ಆಹಾರವನ್ನೂ ಜೊತೆಗೇ ಕೊಟ್ಟರು.

ಹಾಲಿಗೆ ಹೆಪ್ಪು ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಉಗುರುಬೆಚ್ಚಗಿನ ಹಾಲಿಗೆ ಅರ್ಧ ಚಮಚ ಹೆಪ್ಪು ಹಾಕಿಟ್ಟರೆ ಬೆಳಿಗ್ಗೆ ಗಟ್ಟಿ ಮೊಸರು. ಕುದಿಯುವ ಹಾಲಿಗೆ ಹಾಕಿದರೆ ಏನೂ ಆಗುವುದಿಲ್ಲ. ಹೆಪ್ಪು ಅದೇ, ಪಾತ್ರೆಯೂ ಅದೇ. ಹಾಲಿನ ಹದ ಬೇರೆ. (ಹಾಗಂತ ಹಸುಗೂಸಿಗೆ ಮೊಸರಿನ ನೀರು ಕುಡಿಸಲು ಹೋಗಬೇಡಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ.)

ಅಮೆರಿಕದಲ್ಲಿ ನಡೆದದ್ದು

ಅಮೆರಿಕದ ಪ್ರಕರಣದಲ್ಲಿ ಎಲ್ಲವೂ ತಿರುಗುಮುರುಗು. ಎಫ್‌ಡಿಎ ಎಚ್ಚರಿಕೆಗೆ ಕಾರಣವಾದದ್ದು ಒಂದು ಮಗುವಿನ ಸಾವು. ಆ ಮಗು ಹುಟ್ಟುವಾಗ ಒಂದು ಕೆ.ಜಿ.ಗಿಂತ ಕಡಿಮೆ ತೂಕವಿತ್ತು. ಆಸ್ಪತ್ರೆಯಲ್ಲಿ ಅದಕ್ಕೆ ಬಿಫಿಡೊಬ್ಯಾಕ್ಟೀರಿಯಂ ಇರುವ ಪ್ರೊಬಯಾಟಿಕ್ ಕೊಟ್ಟಿದ್ದರು. ಆಮೇಲೆ ನಂಜಾಯಿತು. ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಜೀನೋಮನ್ನು ಓದಿದಾಗ ಅದು ಪ್ರೊಬಯಾಟಿಕ್‌ನಲ್ಲಿದ್ದ ಬ್ಯಾಕ್ಟೀರಿಯಾಕ್ಕೆ ತಾಳೆಯಾಯಿತು.

ಎದೆಹಾಲು ಯಾರಿಗಾಗಿ ಊಟ ಬಡಿಸುತ್ತದೋ ಅದೇ ಕುಟುಂಬದ ಬ್ಯಾಕ್ಟೀರಿಯಾ ಇದು. ಅದರ ಸ್ವಭಾವವೇನೂ ಬದಲಾಗಿರಲಿಲ್ಲ. ಅಷ್ಟು ಎಳೆಯ ಮಗುವಿನ ಕರುಳಿನ ಗೋಡೆ ಇನ್ನೂ ಕಟ್ಟಿ ಮುಗಿದಿರುವುದಿಲ್ಲ. ರೋಗನಿರೋಧಕ ಶಕ್ತಿಯೂ ಅಷ್ಟಕ್ಕಷ್ಟೇ. ಗೋಡೆಯ ಈಚೆ ಇರಬೇಕಾದ್ದು ಆಚೆ ಹೋಯಿತು.

2018ರಿಂದ ಇಂಥ ಉತ್ಪನ್ನಗಳಿಗೆ ಸಂಬಂಧಿಸಿದ ಇನ್ನೂ ಎರಡು ಡಜನ್‌ಗಿಂತ ಹೆಚ್ಚು ತೊಂದರೆಯ ವರದಿಗಳು ಬಂದಿವೆ ಎಂದು ಎಫ್‌ಡಿಎ ಹೇಳಿತು. ಕಂಪನಿಗಳಿಗೆ ಎಚ್ಚರಿಕೆ ಪತ್ರ ಹೋಯಿತು. ಉತ್ಪನ್ನಗಳು ಮಾರುಕಟ್ಟೆಯಿಂದ ವಾಪಸಾದವು. ಅದಕ್ಕೂ ಮೊದಲು, 2014ರಲ್ಲಿ ಇನ್ನೊಂದು ದುರಂತ ನಡೆದಿತ್ತು. ದಿನ ತುಂಬದ ಒಂದು ಮಗುವಿಗೆ ಕೊಟ್ಟ ಪ್ರೊಬಯಾಟಿಕ್ ಪುಡಿಯಲ್ಲಿ ಬೂಷ್ಟು ಸೇರಿಕೊಂಡಿತ್ತು. ಅದೇ ಬೂಷ್ಟು ಕರುಳಿಗೆ ಹರಡಿ ಮಗು ತೀರಿಕೊಂಡಿತು. ಅಲ್ಲಿ ತಪ್ಪಿದ್ದು ತಯಾರಿಕೆಯ ಶುದ್ಧತೆ.

ವೈದ್ಯರೇ ಎರಡು ಗುಂಪು

ಎಫ್‌ಡಿಎ ವಾದ ಸರಳವಾಗಿದೆ. ರೋಗ ತಡೆಯಲು ಕೊಡುವ ವಸ್ತು ಔಷಧ. ಔಷಧವಾದರೆ ಔಷಧದಷ್ಟೇ ಪರೀಕ್ಷೆ ಆಗಬೇಕು. ಶಿಶುಗಳಿಗಾಗಿ ಅಂಥ ಪರೀಕ್ಷೆ ದಾಟಿ ಒಪ್ಪಿಗೆ ಪಡೆದ ಪ್ರೊಬಯಾಟಿಕ್ ಒಂದೂ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2021ರಲ್ಲೇ, ದಿನ ತುಂಬದ ಮಕ್ಕಳಿಗೆಲ್ಲ ಇದನ್ನು ವಾಡಿಕೆಯಾಗಿ ಕೊಡುವುದು ಸರಿಯಲ್ಲ, ಒಂದು ಕೆ.ಜಿ.ಗಿಂತ ಕಡಿಮೆ ಇರುವವರಿಗಂತೂ ಬೇಡ ಎಂದಿತ್ತು.

ಎದುರು ಗುಂಪಿನಲ್ಲಿರುವವರೂ ಶಿಶುಗಳ ತಜ್ಞರೇ. ಅವರ ಕಣ್ಣ ಮುಂದೆ ಇರುವುದು ಎನ್‌ಇಸಿ ಎಂಬ ಭಯಂಕರ ಕಾಯಿಲೆ. ದಿನ ತುಂಬದ ಮಗುವಿನ ಕರುಳು ಇದ್ದಕ್ಕಿದ್ದಂತೆ ಉರಿಯೂತಕ್ಕೆ ಸಿಕ್ಕಿ ಕೊಳೆಯತೊಡಗುತ್ತದೆ. ಒಂದೂವರೆ ಕೆ.ಜಿ.ಗಿಂತ ಕಡಿಮೆ ತೂಕದ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಇದು ಬರುತ್ತದೆ. ಬಂದವರಲ್ಲಿ ಹಲವರು ಉಳಿಯುವುದಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಸೇರಿದ, ಐವತ್ತಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಪ್ರೊಬಯಾಟಿಕ್ ಈ ಕಾಯಿಲೆಯನ್ನು ಗಣನೀಯವಾಗಿ ತಗ್ಗಿಸುವಂತೆ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, 32 ವಾರಕ್ಕೆ ಮೊದಲು ಹುಟ್ಟಿ ತಾಯಿಹಾಲು ಕುಡಿಯುವ ಮಕ್ಕಳಿಗೆ ಪ್ರೊಬಯಾಟಿಕ್ ಕೊಡುವುದನ್ನು ಪರಿಗಣಿಸಬಹುದು ಎಂದಿತು. ‘ತಾಯಿಹಾಲು ಕುಡಿಯುವ’ ಎಂಬ ಷರತ್ತು ಇಲ್ಲಿ ಸುಮ್ನೆ ಬಂದಿಲ್ಲ. ಬ್ಯಾಕ್ಟೀರಿಯಾ ಕೊಟ್ಟು ಅದರ ಊಟ ಕೊಡದಿದ್ದರೆ ಏನು ಪ್ರಯೋಜನ?

ಈ ವೈದ್ಯರ ಪ್ರಶ್ನೆ ಹೀಗಿದೆ: ಪ್ರೊಬಯಾಟಿಕ್‌ನಿಂದ ಸತ್ತ ಒಂದು ಮಗು ಲೆಕ್ಕಕ್ಕೆ ಸಿಗುತ್ತದೆ. ಪ್ರೊಬಯಾಟಿಕ್ ನಿಲ್ಲಿಸಿದ್ದರಿಂದ ಎನ್‌ಇಸಿ ಬಂದು ಸತ್ತ ಮಕ್ಕಳು ಯಾರ ಲೆಕ್ಕಕ್ಕೆ ಸಿಗುತ್ತಾರೆ? ಇದು ಗಟ್ಟಿ ಪ್ರಶ್ನೆ.

ಆದರೆ ಅವರ ವಾದದಲ್ಲೂ ಒಂದು ಬಿರುಕಿದೆ. ಆ ಐವತ್ತು ಚಿಲ್ಲರೆ ಪ್ರಯೋಗಗಳು ಒಂದೇ ಬ್ಯಾಕ್ಟೀರಿಯಾದ ಮೇಲೆ ನಡೆದವಲ್ಲ. ಬೇರೆ ಬೇರೆ ತಳಿ, ಬೇರೆ ಬೇರೆ ಪ್ರಮಾಣ. ಹಲವು ಪ್ರಯೋಗಗಳ ಗುಣಮಟ್ಟವೂ ಸಾಧಾರಣ. ಒಂದು ಕೆ.ಜಿ.ಗಿಂತ ಕಡಿಮೆ ಇರುವ ಮಕ್ಕಳಿಗೆ ಲಾಭವಿದೆ ಎನ್ನಲು ಪುರಾವೆ ತೀರಾ ತೆಳು. ಬ್ರಿಟನ್ನಿನಲ್ಲಿ ಸುಮಾರು 1,300 ಶಿಶುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಯಾವ ಲಾಭವೂ ಕಾಣಲಿಲ್ಲ. ಅಲ್ಲೊಂದು ಕುತೂಹಲದ ಸಂಗತಿ ಇದೆ. ಬ್ಯಾಕ್ಟೀರಿಯಾ ಕೊಡದೇ ಇದ್ದ ಗುಂಪಿನ ಸುಮಾರು ಅರ್ಧ ಮಕ್ಕಳ ಹೊಟ್ಟೆಯಲ್ಲೂ ಕೊನೆಗೆ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಕೊಟ್ಟ ಗುಂಪು, ಕೊಡದ ಗುಂಪು ಎಂದು ವೈದ್ಯರು ಗೆರೆ ಎಳೆದಿದ್ದರು. ಒಂದೇ ವಾರ್ಡಿನಲ್ಲಿ ಮಗುವಿನಿಂದ ಮಗುವಿಗೆ ದಾಟುವ ಬ್ಯಾಕ್ಟೀರಿಯಾಕ್ಕೆ ಆ ಗೆರೆ ಯಾವ ಲೆಕ್ಕ? ಹಾಗಾದಾಗ ಎರಡು ಗುಂಪನ್ನು ಹೋಲಿಸುವುದೇ ಕಷ್ಟ. ಮಾತ್ರೆಯ ಮೇಲೆ ಪ್ರಯೋಗ ಮಾಡುವ ರೀತಿಯಲ್ಲಿ ಜೀವಂತ ಬ್ಯಾಕ್ಟೀರಿಯಾದ ಮೇಲೆ ಪ್ರಯೋಗ ಮಾಡಲಾಗದು.

ನಮ್ಮಲ್ಲಿ ಇದು ಆಹಾರವೋ, ಔಷಧವೋ?

ಭಾರತದಲ್ಲಿ ಪ್ರೊಬಯಾಟಿಕ್ ಆಹಾರಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲೇ ಮಾರ್ಗಸೂಚಿ ಕೊಟ್ಟಿವೆ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2016ರ ನಿಯಮಗಳಲ್ಲಿ ಯಾವ ಬ್ಯಾಕ್ಟೀರಿಯಾಗಳನ್ನು ಬಳಸಬಹುದೆಂದು ಪಟ್ಟಿ ಮಾಡಿದೆ. ಆದರೆ ಆಹಾರದ ದಾರಿಯಲ್ಲಿ ಬಂದ ವಸ್ತುವಿಗೆ ‘ಇದು ಈ ರೋಗವನ್ನು ತಡೆಯುತ್ತದೆ’ ಎಂದು ಔಷಧದಂತೆ ಸಾಬೀತು ಮಾಡುವ ಹೊಣೆ ಇರುವುದಿಲ್ಲ. ಕೊಳ್ಳುವವರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದೇ ಕಪಾಟಿನಲ್ಲಿ ಎರಡೂ ಇರುತ್ತವೆ.

ಅಂಗಡಿಯಲ್ಲಿ ಡಬ್ಬಿಯನ್ನು ತಿರುಗಿಸಿ ನೋಡಿ. ಬ್ಯಾಕ್ಟೀರಿಯಾದ ಜಾತಿಯ ಹೆಸರಿನ ಮುಂದೆ ತಳಿಯನ್ನು ಗುರುತಿಸುವ ಅಕ್ಷರ ಅಥವಾ ಸಂಖ್ಯೆ ಇದೆಯೇ? ‘ಲ್ಯಾಕ್ಟೊಬ್ಯಾಸಿಲಸ್’ ಎಂದಷ್ಟೇ ಬರೆಯುವುದು ‘ಭತ್ತ’ ಎಂದು ಬರೆದ ಹಾಗೆ. ಸೋನಾ ಮಸೂರಿಯೋ, ರಾಜಮುಡಿಯೋ, ಗೊತ್ತಾಗುವುದಿಲ್ಲ. ಒಡಿಶಾದಲ್ಲಿ ಒಂದು ತಳಿ ಮಾಡಿದ ಕೆಲಸವನ್ನು ಅದೇ ಜಾತಿಯ ಇನ್ನೊಂದು ತಳಿಯೂ ಮಾಡುತ್ತದೆ ಎಂದು ಹೇಳಲು ಬರುವುದಿಲ್ಲ.

ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ಇಂಥ ಡ್ರಾಪ್ಸ್‌ನಿಂದ ಅಪಾಯ ಕಡಿಮೆ. ಹೆಚ್ಚಿನ ಸಲ ಲಾಭವೂ ಕಡಿಮೆ. ತೂಕ ಕಡಿಮೆ ಇರುವ, ದಿನ ತುಂಬದ, ಕಾಯಿಲೆಯ ಮಗುವಿಗೆ ಮಾತ್ರ ಮನೆಯವರು ತಾವಾಗಿಯೇ ಯಾವ ಪ್ರೊಬಯಾಟಿಕ್ ಅನ್ನೂ ಕೊಡಬಾರದು. ಅದನ್ನು ನಿರ್ಧರಿಸಬೇಕಾದವರು ಮಗುವನ್ನು ನೋಡಿಕೊಳ್ಳುತ್ತಿರುವ ವೈದ್ಯರು.

ಜಗಳವೇ ಇಲ್ಲದ ದಾರಿ

ಅಮೆರಿಕದ ದಾರಿಯಲ್ಲೇ ಹೋದರೆ ಪ್ರೊಬಯಾಟಿಕ್ ಮುಂದೆ ಪೂರ್ತಿ ಔಷಧವಾಗುತ್ತದೆ. ಶುದ್ಧತೆ ಹೆಚ್ಚುತ್ತದೆ, ಬೆಲೆಯೂ ಹೆಚ್ಚುತ್ತದೆ. ಒಂದು ಡಾಲರಿನ ಒಡಿಶಾದ ಪುಡಿ ಆ ಬೆಲೆಗೆ ಉಳಿಯುವುದು ಕಷ್ಟ. ಈಗಿರುವಂತೆ ಸಡಿಲ ಬಿಟ್ಟರೆ ಮಾರಾಟ ಬೆಳೆಯುತ್ತದೆ, ಪುರಾವೆ ಬೆಳೆಯುವುದಿಲ್ಲ. ನಮ್ಮಂಥ ದೇಶಕ್ಕೆ ಬೇಕಾದದ್ದು ಸರ್ಕಾರದ ಹಣದಲ್ಲಿ, ಒಂದೋ ಎರಡೋ ತಳಿಗಳ ಮೇಲೆ, ನಮ್ಮ ಮಕ್ಕಳಲ್ಲೇ ನಡೆಯುವ ದೊಡ್ಡ ಪ್ರಯೋಗಗಳು. ದೊಡ್ಡ ಪ್ರಯೋಗ ಒಡಿಶಾದಲ್ಲಿ ಸಾಧ್ಯವಾಯಿತಲ್ಲ.

ಅಲ್ಲಿಯವರೆಗೆ ಎರಡೂ ಗುಂಪಿನ ವೈದ್ಯರು ಒಪ್ಪುವ ಸಂಗತಿಗಳಿವೆ. ಒಂದು, ಎದೆಹಾಲು. ಇನ್ನೊಂದು, ಅಮ್ಮನ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಗುವನ್ನು ಮಲಗಿಸುವ ಕಾಂಗರೂ ಆರೈಕೆ. 2021ರಲ್ಲಿ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ ಬಂತು. ಒಂದರಿಂದ 1.8 ಕೆ.ಜಿ. ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದಾಗ ಸಾವು ಶೇಕಡ 25ರಷ್ಟು ಇಳಿಯಿತು. ನಂಜೂ ಇಳಿಯಿತು. ಬಿಸುಪು, ಬೇಗ ಸಿಗುವ ಹಾಲು ಇದಕ್ಕೆ ಕಾರಣ ಇರಬಹುದು. ಆಸ್ಪತ್ರೆಯ ಬ್ಯಾಕ್ಟೀರಿಯಾಕ್ಕಿಂತ ಮೊದಲು ಅಮ್ಮನ ಮೈಯ ಬ್ಯಾಕ್ಟೀರಿಯಾ ಮಗುವಿಗೆ ದಾಟುವುದೂ ಒಂದು ಕಾರಣ ಇರಬಹುದು ಎಂದು ಸಂಶೋಧಕರು ಭಾವಿಸಿದ್ದಾರೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೆ ಕಾಂಗರೂ ಆರೈಕೆಯನ್ನು ಮುಂದುವರಿಸುವ ಕೆಲಸ ಈಗಾಗಲೇ ನಡೆದಿದೆ. ಅದಕ್ಕೆ ಲೈಸೆನ್ಸ್ ಬೇಕಾಗಲಿಲ್ಲ.

ಸ್ವಂತ ತಾಯಿಯ ಹಾಲು ಸಾಲದ ಮಕ್ಕಳಿಗೆ ತಾಯಿಹಾಲಿನ ಬ್ಯಾಂಕ್‌ಗಳಿವೆ. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ಶುರುವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ. ದಾನಿ ತಾಯಂದಿರ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ. ಆ ಬಿಸಿಗೆ ಕೆಟ್ಟ ಬ್ಯಾಕ್ಟೀರಿಯಾದ ಜೊತೆ ಒಳ್ಳೆಯದೂ ಸಾಯುತ್ತದೆ. ಆದರೆ ಆ ಉದ್ದನೆಯ ಸಕ್ಕರೆಗಳು ಕೆಡುವುದಿಲ್ಲ. ಊಟ ಹಾಗೇ ಉಳಿಯುತ್ತದೆ. ಅದನ್ನು ಉಣ್ಣುವ ಬ್ಯಾಕ್ಟೀರಿಯಾ ಮಾತ್ರ ಬೇರೆ ಕಡೆಯಿಂದ ಬರಬೇಕು. ಎನ್‌ಐಸಿಯು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿರುವ ಅಮ್ಮನಿಗೆ ಒಳಗೆ, ಮಗುವಿನ ಪಕ್ಕದಲ್ಲೇ, ಒಂದು ಮಂಚ ಹಾಕಿಕೊಟ್ಟರೆ ಅದು ಬರುತ್ತದೆ.